ಬೋಟಿ: ಪದದ ಅರ್ಥ, ವ್ಯಾಪ್ತಿ ಹಾಗೂ ಅರ್ಜಿಗಳಲ್ಲಿ ಅದರ ಬಳಕೆ

ಸಾರ್ವಜನಿಕ ಮಾಹಿತಿ: ಬಾಗಲಗುಂಟೆ ಹಾಗೂ ಸುತ್ತಲಿನ ಪ್ರದೇಶದ ಮಾಂಸ ಮಾರಾಟಗಾರರು, ಉಪಾಹಾರ ಗೃಹಗಳವರು, ಕುರಿ-ಮೇಕೆ ಸಾಕಣೆದಾರರು ಹಾಗೂ ಗ್ರಾಹಕರ ಗಮನಕ್ಕೆ

ಬೋಟಿ ಎಂಬುದು ವಧೆ ಮಾಡಿದ ಕುರಿ ಅಥವಾ ಮೇಕೆಯ ಜಠರ ಮತ್ತು ಕರುಳುಗಳನ್ನು ಒಟ್ಟಾಗಿ ಸೂಚಿಸುವ ವ್ಯಾಪಾರದ ಪದವಾಗಿದೆ. ಹೊಟ್ಟೆಯ ನಾಲ್ಕು ಕೋಣೆಗಳು, ಸಣ್ಣ ಕರುಳು ಹಾಗೂ ದೊಡ್ಡ ಕರುಳಿನ ಬಳಕೆಗೆ ಯೋಗ್ಯವಾದ ಭಾಗ ಇದರಲ್ಲಿ ಸೇರುತ್ತವೆ. ಯಕೃತ್ತು, ಗುಂಡಿಗೆ, ಶ್ವಾಸಕೋಶ, ಮೂತ್ರಪಿಂಡ ಮತ್ತು ಗುಲ್ಮ ಇವು ಪ್ರಾಣಿಯ ಒಳಾಂಗಗಳೇ ಆದರೂ ಬೋಟಿಯಲ್ಲಿ ಸೇರುವುದಿಲ್ಲ. ಬೆಂಗಳೂರು, ರಾಮನಗರ, ಮಂಡ್ಯ, ತುಮಕೂರು ಮೊದಲಾದ ಕಡೆಗಳಲ್ಲಿ ಮಾಂಸದ ಅಂಗಡಿಯಿಂದ ಮಿಲಿಟರಿ ಹೋಟೆಲಿನವರೆಗೆ ಈ ಅರ್ಥವೇ ರೂಢಿಯಲ್ಲಿದೆ.

ಪದ ಚಿಕ್ಕದಾದರೂ ಅದರಿಂದ ಉಂಟಾಗುವ ಗೊಂದಲ ಚಿಕ್ಕದಲ್ಲ. ಪರವಾನಗಿ ಕೋರುವ ಅರ್ಜಿಯಲ್ಲಿ, ಅಂಗಡಿಯ ದರಪಟ್ಟಿಯಲ್ಲಿ, ಗ್ರಾಹಕರು ಸಲ್ಲಿಸುವ ದೂರಿನಲ್ಲಿ ಬೋಟಿ ಎಂಬ ಒಂದೇ ಪದವನ್ನು ಬೇರೆ ಬೇರೆ ಅರ್ಥದಲ್ಲಿ ನಮೂದಿಸುವುದುಂಟು. ಯಾವ ಅಂಗವು ಆಹಾರ, ಯಾವುದು ತಪಾಸಣೆಯ ನಂತರ ನಾಶಪಡಿಸಬೇಕಾದ ವಸ್ತು ಎಂಬ ತಿಳಿವಳಿಕೆ ಇಲ್ಲದೆ ಒಳಾಂಗಗಳನ್ನು ಬೀದಿಗೆ ಎಸೆಯುವುದರಿಂದ ಮನುಷ್ಯರ ಆರೋಗ್ಯಕ್ಕೂ ಧಕ್ಕೆ ಉಂಟಾಗುತ್ತದೆ. ಈ ಕಾರಣಗಳಿಂದ ಪದದ ಅರ್ಥವನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಪದ, ಎರಡು ಅರ್ಥ

ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಬೋಟಿ ಎಂದರೆ ಮಾಂಸದ ಸಣ್ಣ ತುಂಡು. ಬೋಟಿ ಕಬಾಬ್ ಎಂಬ ತಿನಿಸಿನಲ್ಲಿ ಇರುವುದು ಕರುಳಲ್ಲ. ಮೂಳೆರಹಿತ ಮಾಂಸದ ತುಂಡುಗಳನ್ನು ಸಲಾಕೆಗೆ ಚುಚ್ಚಿ ಸುಡಲಾಗಿರುತ್ತದೆ. ಕನ್ನಡ ಮತ್ತು ತೆಲುಗು ಭಾಗಗಳಲ್ಲಿಯಾದರೋ ಬೋಟಿ ಎಂದರೆ ಹೊಟ್ಟೆ ಮತ್ತು ಕರುಳು. ಹೀಗಾಗಿ ಒಂದೇ ನಗರದಲ್ಲಿ ಒಂದು ಹೋಟೆಲಿನ ಬೋಟಿ ಕಬಾಬಿಗೂ ಮತ್ತೊಂದು ಹೋಟೆಲಿನ ಬೋಟಿ ಗೊಜ್ಜಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಹಿಂದಿಯಲ್ಲಿ ಹೊಟ್ಟೆಯ ಭಾಗಕ್ಕೆ ಓಝಡಿ ಎಂದೂ ಕರುಳಿಗೆ ಆಂತ್ ಎಂದೂ ಹೆಸರುಗಳಿವೆ. ಮರಾಠಿಯಲ್ಲಿ ವಜಡಿ ಎನ್ನುತ್ತಾರೆ. ತಮಿಳಿನಲ್ಲಿ ಕರುಳಿಗೆ ಕುಡಲ್ ಎಂಬ ಹೆಸರಿದೆ.

ಬಾಗಲಗುಂಟೆಯಂತಹ ಪ್ರದೇಶದಲ್ಲಿ ಈ ವ್ಯತ್ಯಾಸ ನಿತ್ಯದ ವ್ಯವಹಾರಕ್ಕೆ ತಟ್ಟುವಂಥದ್ದು. ಸಮೀಪದ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಉದ್ಯೋಗಕ್ಕಾಗಿ ಬಂದ ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು ಹಾಗೂ ಉತ್ತರ ಭಾರತದ ಕುಟುಂಬಗಳು ಹೆಸರಘಟ್ಟ ಮುಖ್ಯರಸ್ತೆ, ಎಂಟನೇ ಮೈಲಿ, ಟಿ. ದಾಸರಹಳ್ಳಿಗಳ ಆಸುಪಾಸಿನಲ್ಲಿ ನೆಲೆಸಿವೆ. ಹಿಂದಿ ಮಾತನಾಡುವ ಗ್ರಾಹಕರು ಅರ್ಧ ಕಿಲೋ ಬೋಟಿ ಎಂದು ಕೇಳಿದಾಗ ಅವರ ಮನಸ್ಸಿನಲ್ಲಿರುವುದು ಮಾಂಸದ ತುಂಡು. ಅಂಗಡಿಯವರು ತೂಗಿ ಕೊಡುವುದು ಹೊಟ್ಟೆ-ಕರುಳು. ಇಬ್ಬರೂ ತಪ್ಪು ಮಾಡಿರುವುದಿಲ್ಲ. ಆದರೂ ಮೋಸವಾಯಿತೆಂಬ ದೂರು ಹುಟ್ಟುತ್ತದೆ. ದರಪಟ್ಟಿಯಲ್ಲಿ ಬೋಟಿ ಎಂದಷ್ಟೇ ಬರೆಯದೆ ಬೋಟಿ (ಹೊಟ್ಟೆ ಮತ್ತು ಕರುಳು) ಎಂದು ಬರೆಯುವುದರಿಂದ ಇಂತಹ ಬಹುಪಾಲು ತಕರಾರುಗಳನ್ನು ನಿವಾರಿಸಬಹುದು.

ಕನ್ನಡದಲ್ಲಿಯೇ ಇನ್ನೊಂದು ಬಳಕೆಯೂ ಇದೆ. ಜಾತ್ರೆಗಳಲ್ಲಿ ಎಣ್ಣೆಯಲ್ಲಿ ಕರಿದು ಮಾರುವ, ಮಕ್ಕಳು ಬೆರಳಿಗೆ ಸಿಕ್ಕಿಸಿಕೊಂಡು ತಿನ್ನುವ ಕೊಳವೆಯಾಕಾರದ ತಿಂಡಿಯನ್ನು ಬೋಟಿ ಎನ್ನುವುದುಂಟು. ಅದು ಶುದ್ಧ ಸಸ್ಯಾಹಾರ. ಆಹಾರ ವ್ಯಾಪಾರದ ನೋಂದಣಿ ಅರ್ಜಿಯಲ್ಲಿ ಬರಿಯ ಬೋಟಿ ಎಂದು ಬರೆದರೆ ಅರ್ಜಿದಾರರು ಯಾವುದನ್ನು ಮಾರುತ್ತಾರೆ ಎಂಬುದು ಪರಿಶೀಲಿಸುವ ಅಧಿಕಾರಿಗೆ ತಿಳಿಯುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಕರುಳು ಎಂಬ ಪದ ಕನ್ನಡದಲ್ಲಿ ಅಂಗದ ಹೆಸರು ಮಾತ್ರವಲ್ಲದೆ ಮಮತೆ, ಸಂಬಂಧಗಳನ್ನು ಸೂಚಿಸುವ ಪದವೂ ಹೌದು. ಕರುಳಬಳ್ಳಿ, ಉತ್ತರ ಕರ್ನಾಟಕದ ಆಡುಮಾತಿನ ಕಳ್ಳುಬಳ್ಳಿ ಇವು ರಕ್ತಸಂಬಂಧವನ್ನು ಹೇಳುತ್ತವೆ. ಅಡುಗೆಯ ಮನೆಯಲ್ಲಿ ಕರುಳು ಎನ್ನುವ ಬದಲು ಬೋಟಿ ಎನ್ನುವುದಕ್ಕೆ ಈ ಭಾವನೆಯೂ ಒಂದು ಕಾರಣವಾಗಿರಬಹುದು. ಆದರೆ ಕರುಳಿನ ಅಡುಗೆ ಈ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ, ಅರಮನೆಯ ಊಟವನ್ನು ವರ್ಣಿಸುವ ಭಾಗದಲ್ಲಿ, ಪ್ರಾಣಿಯ ಕರುಳಿನಿಂದ ಮಾಡುವ ಭಕ್ಷ್ಯಗಳ ಪ್ರಸ್ತಾಪವಿದೆ.

ಅಂಗರಚನೆ

ಕುರಿ, ಮೇಕೆ, ಹಸು, ಎಮ್ಮೆ ಇವು ಮೆಲುಕು ಹಾಕುವ ಪ್ರಾಣಿಗಳು. ಇವುಗಳ ಜಠರ ನಾಲ್ಕು ಕೋಣೆಗಳಾಗಿ ವಿಂಗಡಣೆಗೊಂಡಿದೆ. ಬೋಟಿಯನ್ನು ಶುಚಿಗೊಳಿಸಿದವರಿಗೆ ಈ ನಾಲ್ಕೂ ಕೋಣೆಗಳು ಮುಟ್ಟಿದೊಡನೆ ಗುರುತು ಸಿಗುತ್ತವೆ, ಶಾಸ್ತ್ರೀಯ ಹೆಸರು ತಿಳಿಯದಿದ್ದರೂ ಸಹ.

ಮೊದಲನೆಯದು ರೂಮೆನ್. ಬೆಳೆದ ಪ್ರಾಣಿಯಲ್ಲಿ ಜಠರದ ಬಹುಪಾಲು ಇದೇ ಆಗಿದ್ದು, ಹೊಟ್ಟೆಯ ಎಡಭಾಗವನ್ನು ಪೂರ್ತಿ ತುಂಬಿರುತ್ತದೆ. ತಿಂದ ಮೇವು ಇಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗುತ್ತದೆ. ಇದರ ಒಳಮೈಯಲ್ಲಿ ಒತ್ತೊತ್ತಾಗಿ ನಾಲಗೆಯಾಕಾರದ ಸಣ್ಣ ಚಾಚುಗಳಿದ್ದು, ಮುಟ್ಟಿದರೆ ದಪ್ಪ ಟವೆಲಿನಂತೆ ತೋರುತ್ತದೆ. ಎರಡನೆಯದಾದ ರೆಟಿಕ್ಯುಲಮ್ಮಿನ ಒಳಮೈ ಜೇನುಗೂಡಿನಂತೆ ಷಟ್ಕೋನದ ಮನೆಗಳಿಂದ ಕೂಡಿದೆ. ಮೇವಿನೊಂದಿಗೆ ನುಂಗಿದ ಮೊಳೆ, ತಂತಿ ಮುಂತಾದವು ಸಾಮಾನ್ಯವಾಗಿ ಇಲ್ಲಿಯೇ ತಂಗುತ್ತವೆ. ಮೂರನೆಯದು ಒಮೇಸಮ್, ಪುಸ್ತಕದ ಹಾಳೆಗಳಂತೆ ಒಂದರ ಪಕ್ಕ ಒಂದು ಮಡಿಕೆಗಳಿರುತ್ತವೆ. ಹಾಳೆಗಳ ನಡುವೆ ಮೇವಿನ ಚೂರು ಸಿಕ್ಕಿಕೊಳ್ಳುವುದರಿಂದ ಇದನ್ನು ತೊಳೆಯುವುದೇ ಎಲ್ಲಕ್ಕಿಂತ ಪ್ರಯಾಸದ ಕೆಲಸ. ನಾಲ್ಕನೆಯದಾದ ಅಬೊಮೇಸಮ್ ಮನುಷ್ಯರ ಜಠರದಂತೆ ಆಮ್ಲ ಹಾಗೂ ಜೀರ್ಣರಸಗಳನ್ನು ಸ್ರವಿಸುವ ನಿಜವಾದ ಜಠರ. ಇದರ ಒಳಮೈ ನುಣುಪಾಗಿ, ಲೋಳೆಯಿಂದ ಕೂಡಿರುತ್ತದೆ. ಹಾಲು ಕುಡಿಯುವ ಮರಿಯಲ್ಲಿ ಈ ನಾಲ್ಕನೆಯ ಕೋಣೆಯೇ ಎಲ್ಲಕ್ಕಿಂತ ದೊಡ್ಡದು. ಮರಿ ಮೇವು ತಿನ್ನತೊಡಗಿದ ಮೇಲೆ ಮೊದಲ ಕೋಣೆ ಬೆಳೆದು ಅದನ್ನು ಮೀರಿಸುತ್ತದೆ.

ಜಠರದ ನಂತರ ಸಣ್ಣ ಕರುಳು. ಕುರಿಯಲ್ಲಿ ಇದರ ಉದ್ದ ಸುಮಾರು 25 ಮೀಟರ್. ದೊಡ್ಡ ಕರುಳು ಇದಕ್ಕಿಂತ ಬಹಳ ಗಿಡ್ಡದಾಗಿದ್ದು, ಅದರ ಒಂದು ಭಾಗ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಈ ಸುರುಳಿಯಲ್ಲಿಯೇ ಹಿಕ್ಕೆಯ ಉಂಡೆಗಳು ರೂಪುಗೊಳ್ಳತೊಡಗುವುದರಿಂದ ಬಹಳ ಮಾರಾಟಗಾರರು ಈ ಭಾಗವನ್ನು ಬೋಟಿಯಿಂದ ಬೇರ್ಪಡಿಸುತ್ತಾರೆ. ಹಾಗೆ ಮಾಡುವುದೇ ಸೂಕ್ತ. ಕುರಿಯ ಸಣ್ಣ ಕರುಳಿನ ಪದರದಿಂದ ಸಾಸೇಜಿನ ಹೊರಕವಚವನ್ನೂ, ಶಸ್ತ್ರಚಿಕಿತ್ಸೆಯಲ್ಲಿ ಹೊಲಿಗೆಗೆ ಬಳಸುವ ಕ್ಯಾಟ್‌ಗಟ್ ದಾರವನ್ನೂ ತಯಾರಿಸಲಾಗುತ್ತದೆ. ಹೆಸರಿನಲ್ಲಿ ಬೆಕ್ಕು ಇದ್ದರೂ ಆ ದಾರಕ್ಕೂ ಬೆಕ್ಕಿಗೂ ಸಂಬಂಧವಿಲ್ಲ.

ಕೋಳಿಗೆ ಇಂತಹ ನಾಲ್ಕು ಕೋಣೆಗಳಿಲ್ಲ. ಕೋಳಿಯ ಒಳಾಂಗಗಳನ್ನು ಗಿಜಾರ್ಡ್, ಲಿವರ್ ಎಂದು ಪ್ರತ್ಯೇಕವಾಗಿ ನಮೂದಿಸತಕ್ಕದ್ದು.

ಬೋಟಿಯಲ್ಲಿ ಸೇರದ ಒಳಾಂಗಗಳು

ಮಾಂಸದ ಉದ್ಯಮದಲ್ಲಿ ತಿನ್ನಲು ಯೋಗ್ಯವಾದ ಒಳಾಂಗಗಳಿಗೆ ಆಫಲ್ ಎಂಬ ಸಾಮಾನ್ಯ ಹೆಸರಿದೆ. ಇದರಲ್ಲಿ ಎರಡು ಬಗೆ. ಜೀರ್ಣನಾಳಕ್ಕೆ ಸೇರಿದ ಹೊಟ್ಟೆ, ಕರುಳುಗಳು ಗ್ರೀನ್ ಆಫಲ್ ಎನಿಸಿಕೊಳ್ಳುತ್ತವೆ. ಒಳಗಿನ ಹಸಿರು ಮೇವಿನಿಂದ ಈ ಹೆಸರು ಬಂದಿದೆ. ಯಕೃತ್ತು, ಗುಂಡಿಗೆ, ಶ್ವಾಸಕೋಶ ಮೊದಲಾದವು ರೆಡ್ ಆಫಲ್. ಕನ್ನಡದ ಬೋಟಿ ಮೊದಲನೆಯ ಬಗೆಗೆ ಸರಿಹೊಂದುತ್ತದೆ. ಅಂಗಡಿಯಲ್ಲಿ ಕಲೀಜ ಅಥವಾ ಲಿವರ್ ಎನ್ನುವುದು ಯಕೃತ್ತು, ಗುರ್ದಾ ಎನ್ನುವುದು ಮೂತ್ರಪಿಂಡ, ಭೇಜಾ ಎನ್ನುವುದು ಮೆದುಳು. ತಲೆಮಾಂಸ ಮತ್ತು ಕಾಲು ಈ ಎರಡೂ ಬಗೆಗೆ ಸೇರದೆ ಪ್ರತ್ಯೇಕವಾಗಿಯೇ ಮಾರಾಟವಾಗುತ್ತವೆ.

ಈ ವಿಂಗಡಣೆ ಕೇವಲ ಅಡುಗೆಯ ರೂಢಿಯಲ್ಲ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸರಕುಗಳನ್ನು ಗುರುತಿಸಲು ಬಳಸುವ, ಭಾರತದ ಸುಂಕ ಹಾಗೂ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಅನುಸರಿಸಲಾಗುವ ಶೀರ್ಷಿಕೆಗಳ ಪಟ್ಟಿಯಲ್ಲಿ ಕುರಿ-ಮೇಕೆಯ ಯಕೃತ್ತು ಮುಂತಾದ ತಿನ್ನುವ ಒಳಾಂಗಗಳು 0206ರಲ್ಲಿಯೂ, ಪ್ರಾಣಿಗಳ ಕರುಳು, ಮೂತ್ರಕೋಶ ಹಾಗೂ ಜಠರಗಳು 0504ರಲ್ಲಿಯೂ ಬರುತ್ತವೆ. ಅಂದರೆ ಲಿವರ್ ಮತ್ತು ಬೋಟಿಯನ್ನು ಒಂದೇ ಬಿಲ್ಲಿನಲ್ಲಿ ಒಂದೇ ಹೆಸರಿನಡಿ ತೋರಿಸುವುದು ಸರಿಯಾದ ಕ್ರಮವಲ್ಲ. ಸಂಸ್ಕರಿಸಿ, ಪ್ಯಾಕ್ ಮಾಡಿ ಮಾರುವ ಘಟಕಗಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ತೂಕ ಹಾಗೂ ಗುಡ್ಡೆ ಮಾಂಸ

ಕುರಿ-ಮೇಕೆಗಳನ್ನು ಜೀವಂತ ತೂಕದ ಮೇಲೆ ಕೊಳ್ಳುವವರು ಒಂದು ವಿಷಯವನ್ನು ತಿಳಿದಿರಬೇಕು. ಚರ್ಮ, ತಲೆ, ಕಾಲು ಹಾಗೂ ಒಳಾಂಗಗಳನ್ನು ತೆಗೆದ ನಂತರ ಉಳಿಯುವ ಮಾಂಸ-ಮೂಳೆಯ ತೂಕ ಜೀವಂತ ತೂಕದ ಸುಮಾರು ಅರ್ಧದಷ್ಟು, ಅನೇಕ ವೇಳೆ ಅದಕ್ಕಿಂತ ಸ್ವಲ್ಪ ಕಡಿಮೆ. ಕಡಿಮೆಯಾದ ತೂಕದಲ್ಲಿ ದೊಡ್ಡ ಪಾಲು ರೂಮೆನ್ನಿನಲ್ಲಿ ತುಂಬಿರುವ ಮೇವು ಮತ್ತು ನೀರಿನದು. ಮಾರಾಟಕ್ಕೆ ಮುನ್ನ ಪ್ರಾಣಿಗೆ ಹೊಟ್ಟೆ ತುಂಬ ನೀರು ಕುಡಿಸಿದ್ದರೆ ಕೊಂಡವರು ಕುರಿಯ ದರದಲ್ಲಿ ನೀರನ್ನೂ ಕೊಂಡಂತಾಗುತ್ತದೆ. ಶುಚಿಗೊಳಿಸದ ಬೋಟಿಯನ್ನು ತೂಗಿ ಕೊಳ್ಳುವುದರಲ್ಲಿಯೂ ಇದೇ ನಷ್ಟವಿದೆ. ಅಂಗಡಿಗಳಲ್ಲಿ ಬೋಟಿಯನ್ನು ಸೆಟ್ ಲೆಕ್ಕದಲ್ಲಿ ಮಾರಿದರೆ ಆ ಸೆಟ್ಟಿನಲ್ಲಿ ಏನೇನು ಸೇರಿದೆ ಎಂಬುದನ್ನೂ, ಕಿಲೋ ಲೆಕ್ಕದಲ್ಲಿ ಮಾರಿದರೆ ತೊಳೆದ ನಂತರದ ತೂಕವೇ ಎಂಬುದನ್ನೂ ದರಪಟ್ಟಿಯಲ್ಲಿ ಸ್ಪಷ್ಟಪಡಿಸುವುದು ಸೂಕ್ತ. ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಕಡ್ಡಾಯ.

ಯುಗಾದಿಯ ಮರುದಿನದ ಹೊಸತೊಡಕಿಗೆ ಬೆಂಗಳೂರು ಸುತ್ತಲಿನ ಜಿಲ್ಲೆಗಳಲ್ಲಿ ಗುಡ್ಡೆ ಮಾಂಸ ಹಾಕುವ ರೂಢಿ ಇಂದಿಗೂ ಇದೆ. ಹಲವು ಮನೆಗಳವರು ವರ್ಷವಿಡೀ ಚೀಟಿ ಕಟ್ಟಿ, ಒಟ್ಟಾಗಿ ಕುರಿಗಳನ್ನು ಕೊಂಡು, ಮಾಂಸವನ್ನು ಸಮನಾದ ಗುಡ್ಡೆಗಳಾಗಿ ಹಂಚಿಕೊಳ್ಳುತ್ತಾರೆ. ಈ ಹಂಚಿಕೆಯ ವೈಶಿಷ್ಟ್ಯವೆಂದರೆ ಗುಡ್ಡೆ ಎಂಬುದು ತೂಕದ ಲೆಕ್ಕ ಮಾತ್ರವಲ್ಲ, ಅಂಗಗಳ ಲೆಕ್ಕವೂ ಹೌದು. ತೊಡೆ, ಪಕ್ಕೆ, ಲಿವರ್, ಬೋಟಿ ಎಲ್ಲದರಲ್ಲಿಯೂ ಒಂದೊಂದು ತುಂಡಾದರೂ ಪ್ರತಿ ಗುಡ್ಡೆಗೆ ಬೀಳಬೇಕೆಂಬುದು ನಿಯಮ. ಬೋಟಿಯ ನಾಲ್ಕು ಕೋಣೆಗಳನ್ನೂ ಕರುಳನ್ನೂ ಕತ್ತರಿಸಿ ಬೆರೆಸಿದ ನಂತರವೇ ಹಂಚುವುದು ಇದಕ್ಕಾಗಿ. ಯಾರಿಗೂ ಬರಿಯ ಮೂಳೆ, ಯಾರಿಗೂ ಬರಿಯ ಮೆತ್ತನೆಯ ಮಾಂಸ ಹೋಗಬಾರದೆಂಬ ಈ ಎಚ್ಚರ ಯಾವ ಅಧಿಸೂಚನೆಯಿಂದಲೂ ಬಂದುದಲ್ಲ. ಆದರೆ ಹಬ್ಬದ ದಿನ ಒಮ್ಮೆಗೇ ಅನೇಕ ಪ್ರಾಣಿಗಳ ಒಳಾಂಗಗಳನ್ನು ಒಂದೇ ಕಡೆ ಬೆರೆಸುವಾಗ ಒಂದು ಪ್ರಾಣಿಯಲ್ಲಿರುವ ದೋಷ ಎಲ್ಲ ಗುಡ್ಡೆಗಳಿಗೂ ಹಂಚಿಹೋಗುತ್ತದೆ. ಬೆರೆಸುವ ಮೊದಲು ಪ್ರತಿ ಪ್ರಾಣಿಯ ಒಳಾಂಗಗಳನ್ನು ಪ್ರತ್ಯೇಕವಾಗಿರಿಸಿ ಪಶುವೈದ್ಯರಿಂದ ತಪಾಸಣೆ ಮಾಡಿಸುವುದು ಅವಶ್ಯಕ.

ಕಾಯ್ದೆ ಮತ್ತು ನಿಯಮಗಳು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ (ಕಸಾಯಿಖಾನೆ) ನಿಯಮಗಳು, 2001ರ ಪ್ರಕಾರ ನಗರ ಪ್ರದೇಶದಲ್ಲಿ ಮಾನ್ಯತೆ ಅಥವಾ ಪರವಾನಗಿ ಪಡೆದ ಕಸಾಯಿಖಾನೆಯ ಹೊರಗೆ ಪ್ರಾಣಿಗಳನ್ನು ವಧೆ ಮಾಡತಕ್ಕದ್ದಲ್ಲ. ಗಬ್ಬದ ಪ್ರಾಣಿ, ಮೂರು ತಿಂಗಳೊಳಗಿನ ಮರಿಯುಳ್ಳ ತಾಯಿ ಹಾಗೂ ಮೂರು ತಿಂಗಳೊಳಗಿನ ಮರಿಯನ್ನು ವಧೆ ಮಾಡುವಂತಿಲ್ಲ. ವಧೆಗೆ ಯೋಗ್ಯವೆಂಬ ಪಶುವೈದ್ಯರ ದೃಢೀಕರಣ ಅಗತ್ಯ. ಒಬ್ಬ ಪಶುವೈದ್ಯರು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸತಕ್ಕದ್ದಲ್ಲವೆಂದು ಈ ನಿಯಮಗಳೇ ಮಿತಿ ಹಾಕಿವೆ. ಪರೀಕ್ಷೆ ಹೆಸರಿಗಷ್ಟೇ ಆಗಬಾರದೆಂಬುದು ಇದರ ಉದ್ದೇಶ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಹಾಗೂ ಅದರಡಿ 2011ರಲ್ಲಿ ಹೊರಡಿಸಲಾದ ಪರವಾನಗಿ ಮತ್ತು ನೋಂದಣಿ ನಿಯಮಗಳು ಮಾಂಸದ ಅಂಗಡಿಗಳಿಗೂ ಅನ್ವಯಿಸುತ್ತವೆ. ನೈರ್ಮಲ್ಯದ ಷರತ್ತುಗಳು ಈ ನಿಯಮಗಳ ನಾಲ್ಕನೆಯ ಅನುಸೂಚಿಯಲ್ಲಿವೆ. ವಧೆಗೆ ಮೊದಲು ಹಾಗೂ ವಧೆಯ ನಂತರ ಎರಡು ತಪಾಸಣೆಗಳಿರುತ್ತವೆ. ಎರಡನೆಯ ತಪಾಸಣೆಯಲ್ಲಿ ಮುಖ್ಯವಾಗಿ ನೋಡುವುದು ಒಳಾಂಗಗಳನ್ನೇ. ಹೊರಗೆ ಆರೋಗ್ಯವಾಗಿ ಕಂಡ ಪ್ರಾಣಿಯ ರೋಗವನ್ನು ಯಕೃತ್ತು, ಶ್ವಾಸಕೋಶ, ಕರುಳಿನ ಗ್ರಂಥಿಗಳು ಹೇಳುತ್ತವೆ. ಆದುದರಿಂದ ತಪಾಸಣೆ ಮುಗಿಯುವ ಮೊದಲು ಬೋಟಿಯನ್ನು ಬೇರೆಡೆಗೆ ಸಾಗಿಸುವುದು ಇಡೀ ತಪಾಸಣೆಯನ್ನು ವ್ಯರ್ಥಗೊಳಿಸಿದಂತೆ.

ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020ರಲ್ಲಿ ಜಾನುವಾರು ಎಂಬ ಪದದ ವ್ಯಾಪ್ತಿಗೆ ಹಸು, ಕರು, ಹೋರಿ, ಎತ್ತು ಹಾಗೂ 13 ವರ್ಷದೊಳಗಿನ ಎಮ್ಮೆ-ಕೋಣಗಳು ಬರುತ್ತವೆ. ಕುರಿ ಮತ್ತು ಮೇಕೆಗಳು ಬರುವುದಿಲ್ಲ. ಅರ್ಜಿಯಲ್ಲಿ ಬೋಟಿ ಎಂದು ಬರೆಯುವಾಗ ಯಾವ ಪ್ರಾಣಿಯದೆಂಬುದನ್ನು ಸೇರಿಸಿಯೇ ಬರೆಯತಕ್ಕದ್ದು. ಮಟನ್ ಎಂಬ ಪದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಹೊರದೇಶಗಳಲ್ಲಿ ಮಟನ್ ಎಂದರೆ ಬೆಳೆದ ಕುರಿಯ ಮಾಂಸ, ಇಲ್ಲಿ ಮೇಕೆಯದೂ ಮಟನ್.

ನೀರುಗುಳ್ಳೆ: ನಾಯಿಗಳಿಗೆ ಒಳಾಂಗ ಎಸೆಯುವುದರ ಅಪಾಯ

ಸಾರ್ವಜನಿಕರು ಅತ್ಯಂತ ಗಮನವಿಟ್ಟು ಓದಬೇಕಾದ ಭಾಗ ಇದಾಗಿದೆ. ಕುರಿ-ಮೇಕೆಗಳ ಶ್ವಾಸಕೋಶ ಹಾಗೂ ಯಕೃತ್ತಿನಲ್ಲಿ ಕೆಲವೊಮ್ಮೆ ಬಿಳಿಯ ದಪ್ಪ ಗೋಡೆಯುಳ್ಳ, ತಿಳಿನೀರು ತುಂಬಿದ ಗುಳ್ಳೆಗಳು ಕಂಡುಬರುತ್ತವೆ. ಕಡಲೆಕಾಳಿನ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗೂ ಅದಕ್ಕಿಂತ ದೊಡ್ಡದಾಗಿಯೂ ಇರಬಹುದು. ಇವು ಎಕಿನೊಕಾಕಸ್ ಎಂಬ ಲಾಡಿಹುಳುವಿನ ಮರಿಹಂತ. ಹೈಡಾಟಿಡ್ ಗುಳ್ಳೆ ಎಂದು ಕರೆಯಲಾಗುತ್ತದೆ. ಅಂಗಡಿಯವರು ಇಂತಹ ಭಾಗವನ್ನು ಗ್ರಾಹಕರಿಗೆ ಮಾರಲು ಮನಸ್ಸಿಲ್ಲದೆ ಕತ್ತರಿಸಿ ಎದುರಿಗೆ ಕಾದು ನಿಂತ ನಾಯಿಗೆ ಹಾಕುತ್ತಾರೆ. ಪ್ರಾಮಾಣಿಕತೆಯಿಂದ ಮಾಡಿದ ಈ ಕೆಲಸವೇ ರೋಗ ಹರಡುವ ದಾರಿಯಾಗಿದೆ.

ಗುಳ್ಳೆಯನ್ನು ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳು ಬೆಳೆಯುತ್ತವೆ. ನಾಯಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಕಾಣಿಸುವುದಿಲ್ಲ. ಹುಳುವಿನ ಮೊಟ್ಟೆಗಳು ಮಲದ ಮೂಲಕ ಹೊರಬಂದು ಮಣ್ಣು, ಹುಲ್ಲು, ಸೊಪ್ಪು, ನಾಯಿಯ ಕೂದಲುಗಳಿಗೆ ಅಂಟುತ್ತವೆ. ಹುಲ್ಲಿನೊಂದಿಗೆ ಕುರಿಯ ಹೊಟ್ಟೆ ಸೇರಿದರೆ ಕುರಿಯಲ್ಲಿ ಗುಳ್ಳೆ. ನಾಯಿಯೊಡನೆ ಆಡಿ ಕೈ ತೊಳೆಯದ ಮಗುವಿನ ಬಾಯಿ ಸೇರಿದರೆ ಮಗುವಿನಲ್ಲಿ ಗುಳ್ಳೆ. ಮನುಷ್ಯರ ಯಕೃತ್ತು ಅಥವಾ ಶ್ವಾಸಕೋಶದಲ್ಲಿ ಇದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅನೇಕ ಪ್ರಕರಣಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗುಳ್ಳೆ ದೇಹದೊಳಗೆ ಒಡೆದರೆ ಪ್ರಾಣಾಪಾಯವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ನಿರ್ಲಕ್ಷಿತ ಉಷ್ಣವಲಯ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕಾಗಿದೆ. ಗುಳ್ಳೆಯಿದ್ದ ಪ್ರಾಣಿಯ ಮಾಂಸ ಅಥವಾ ಬೋಟಿಯನ್ನು ಬೇಯಿಸಿ ತಿಂದುದರಿಂದ ಮನುಷ್ಯರಿಗೆ ಈ ರೋಗ ಬರುವುದಿಲ್ಲ. ನಾಯಿಯ ಕರುಳಿನ ಮೂಲಕ ಹಾದು ಬಂದ ಮೊಟ್ಟೆಯಿಂದ ಮಾತ್ರ ಬರುತ್ತದೆ. ಮಾಂಸ ತಿನ್ನದವರಿಗೂ, ತೊಳೆಯದ ಹಸಿ ಸೊಪ್ಪಿನಿಂದ, ಇದು ಬರಬಹುದು. ಆದುದರಿಂದ ಇದು ಮಾಂಸದಂಗಡಿಯ ಗಿರಾಕಿಗಳ ಸಮಸ್ಯೆಯಷ್ಟೇ ಅಲ್ಲ, ಆ ಬೀದಿಯಲ್ಲಿ ವಾಸಿಸುವ ಎಲ್ಲರ ಸಮಸ್ಯೆ.

ಬೋಟಿಯನ್ನು ಸುತ್ತಿರುವ ಕೊಬ್ಬಿನ ತೆಳುಪರದೆಗೆ ಜೋತುಬಿದ್ದಂತೆ ಮತ್ತೊಂದು ಬಗೆಯ ನೀರುಚೀಲ ಕಾಣಸಿಗುತ್ತದೆ. ಇದು ಬೇರೆ ಜಾತಿಯ ಲಾಡಿಹುಳುವಿನದು; ಮನುಷ್ಯರಿಗೆ ರೋಗ ತರುವುದಿಲ್ಲ, ಆದರೆ ನಾಯಿ ತಿಂದರೆ ಕುರಿಗಳಿಗೆ ಮರಳಿ ಬರುತ್ತದೆ. ಯಾವುದು ಯಾವ ಗುಳ್ಳೆ ಎಂಬ ನಿರ್ಣಯವನ್ನು ಅಂಗಡಿಯಲ್ಲಿ ಮಾಡುವ ಅಗತ್ಯವಿಲ್ಲ. ನೀರು ತುಂಬಿದ ಗುಳ್ಳೆಯುಳ್ಳ ಯಾವ ಅಂಗವನ್ನೂ ಒಡೆಯದೆ, ಮುಚ್ಚಳವಿರುವ ಡಬ್ಬದಲ್ಲಿ ಪ್ರತ್ಯೇಕವಾಗಿರಿಸಿ, ಮಾಂಸದ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು. ಅಂತಹ ವ್ಯವಸ್ಥೆ ಇಲ್ಲದ ಹಳ್ಳಿಗಳಲ್ಲಿ ನಾಯಿಗಳು ಅಗೆಯಲಾರದಷ್ಟು ಆಳದಲ್ಲಿ ಹೂಳಬೇಕು, ಇಲ್ಲವೇ ಚೆನ್ನಾಗಿ ಕುದಿಸಿದ ನಂತರ ವಿಲೇವಾರಿ ಮಾಡಬೇಕು. ಖಾಲಿ ನಿವೇಶನ, ಚರಂಡಿ, ಕೆರೆಯಂಗಳಗಳಲ್ಲಿ ಎಸೆಯುವುದು ದಂಡನಾರ್ಹ. ಮನೆಯಲ್ಲಿ ಸಾಕಿದ ನಾಯಿಗಳಿಗೆ ಪಶುವೈದ್ಯರ ಸಲಹೆಯಂತೆ ನಿಯತವಾಗಿ ಜಂತುನಾಶಕ ಔಷಧಿ ಕೊಡಿಸತಕ್ಕದ್ದು.

ಸತ್ತ ಪ್ರಾಣಿಯ ಹೊಟ್ಟೆ ಸೀಳಬಾರದು

ರೋಗದಿಂದ ಸತ್ತ ಕುರಿ ಅಥವಾ ಮೇಕೆಯ ಬೋಟಿ, ಮಾಂಸ ಎರಡೂ ಆಹಾರವಲ್ಲ. ಕರುಳುಬೇನೆಯಿಂದ ಕುರಿಗಳು ಇದ್ದಕ್ಕಿದ್ದಂತೆ ಸಾಯುವುದುಂಟು; ನೆರಡಿ ರೋಗದಲ್ಲಿಯೂ ಹಾಗೆಯೇ. ನೆರಡಿ ಎಂದರೆ ಆಂಥ್ರಾಕ್ಸ್, ಮನುಷ್ಯರಿಗೂ ಹರಡುವ ರೋಗ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಹರಿದಿದ್ದರೆ, ಹೊಟ್ಟೆ ಬೇಗನೆ ಉಬ್ಬಿದ್ದರೆ ಯಾವ ಕಾರಣಕ್ಕೂ ಸೀಳತಕ್ಕದ್ದಲ್ಲ. ಸೀಳಿದೊಡನೆ ರೋಗಾಣುಗಳು ಗಾಳಿಗೆ ತೆರೆದುಕೊಂಡು ಬೀಜಕಗಳಾಗಿ ಮಾರ್ಪಟ್ಟು ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತವೆ. ಪಶುವೈದ್ಯರೂ ಇಂತಹ ಸಂದರ್ಭದಲ್ಲಿ ಶವಪರೀಕ್ಷೆ ನಡೆಸದೆ ಕಿವಿಯ ರಕ್ತನಾಳದಿಂದ ರಕ್ತದ ಲೇಪನವನ್ನು ಮಾತ್ರ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಪ್ರಾಣಿರೋಗಗಳ ಪತ್ತೆ ಹಾಗೂ ಲಸಿಕೆ ಉತ್ಪಾದನೆಯ ಕಾರ್ಯ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ನಡೆಯುತ್ತದೆ.

ಆಕಸ್ಮಿಕವಾಗಿ ಸತ್ತ ಕುರಿ-ಮೇಕೆಗಳಿಗೆ ಅನುಗ್ರಹ ಯೋಜನೆಯಡಿ ಪರಿಹಾರ ಕೋರುವ ಕುರಿಗಾಹಿಗಳು ಇದನ್ನು ನೆನಪಿಡತಕ್ಕದ್ದು. ಸಾವಿನ ಕಾರಣವನ್ನು ಪಶುವೈದ್ಯರು ದೃಢೀಕರಿಸಬೇಕಾಗುತ್ತದೆ. ವೈದ್ಯರು ಬರುವ ಮೊದಲೇ ಬೋಟಿ ತೆಗೆದು, ಚರ್ಮ ಸುಲಿದಿದ್ದರೆ ಕಾರಣ ಹೇಳಲು ಬೇಕಾದ ಅಂಗಗಳೇ ಇರುವುದಿಲ್ಲ. ನ್ಯಾಯವಾದ ಬೇಡಿಕೆಯೂ ಇದರಿಂದ ಬಿದ್ದುಹೋಗಬಹುದು.

ಶುಚಿಗೊಳಿಸುವಿಕೆ

ಬೋಟಿಯಲ್ಲಿ ಸೂಕ್ಷ್ಮಜೀವಿಗಳು ಸಹಜವಾಗಿಯೇ ಇರುವುದರಿಂದ ಮಾಂಸಕ್ಕಿಂತ ಬೇಗ ಕೆಡುತ್ತದೆ. ಕೊಂಡ ದಿನವೇ ಬೇಯಿಸುವುದು ಉತ್ತಮ. ಕೋಣೆಗಳನ್ನು ಸೀಳಿ, ಒಳಗಿನದನ್ನು ತೆಗೆದು, ಹರಿಯುವ ನೀರಿನಲ್ಲಿ ತೊಳೆದ ನಂತರವೇ ಬಿಸಿನೀರಿಗೆ ಹಾಕಿ ಕಪ್ಪು ಪದರವನ್ನು ಕೆರೆಯಬೇಕು. ಕರುಳನ್ನು ಒಳಮೈ ಹೊರಗೆ ಬರುವಂತೆ ತಿರುವಿ ಉಪ್ಪು, ಅರಿಶಿನದೊಂದಿಗೆ ಉಜ್ಜುವುದು ರೂಢಿ. ಉಪ್ಪು ಮತ್ತು ಅರಿಶಿನ ವಾಸನೆಯನ್ನು ಕಡಿಮೆ ಮಾಡುತ್ತವೆ. ರೋಗಾಣುಗಳನ್ನು ಕೊಲ್ಲುವುದು ಪೂರ್ತಿ ಬೇಯಿಸುವಿಕೆಯೊಂದೇ. ಬೋಟಿಗೆ ಬಳಸಿದ ಚಾಕು, ಮಣೆಗಳನ್ನು ತೊಳೆಯದೆ ತರಕಾರಿಗೆ ಬಳಸಬಾರದು. ಅಂಗಡಿಗಳಲ್ಲಿ ಬೋಟಿ ತೊಳೆಯುವ ಜಾಗ, ಮಾಂಸ ಕತ್ತರಿಸುವ ಜಾಗ ಬೇರೆ ಬೇರೆಯಾಗಿರತಕ್ಕದ್ದು.

ಅರ್ಜಿದಾರರಿಗೆ ಸೂಚನೆಗಳು

ವ್ಯಾಪಾರದ ವಿವರ ಎಂಬ ಕಾಲಮಿನಲ್ಲಿ "ಕುರಿ ಮತ್ತು ಮೇಕೆ ಮಾಂಸ, ತಲೆ ಮತ್ತು ಕಾಲು, ಲಿವರ್, ಬೋಟಿ (ಹೊಟ್ಟೆ ಮತ್ತು ಕರುಳು)" ಎಂಬ ರೀತಿಯಲ್ಲಿ ಬಿಡಿಸಿ ಬರೆಯತಕ್ಕದ್ದು. ಆನ್‌ಲೈನ್ ಅರ್ಜಿಯಲ್ಲಿ ಇಂಗ್ಲಿಷಿನಲ್ಲಿ ಭರ್ತಿ ಮಾಡುವವರು ಬೋಟಿ ಎಂದಷ್ಟೇ ಬರೆಯದೆ ಸ್ಟಮಕ್ ಅಂಡ್ ಇಂಟೆಸ್ಟೈನ್ ಎಂದು ಸೇರಿಸುವುದು ಒಳಿತು. ಬೇಯಿಸಿದ ಆಹಾರ ಮಾರುವ ಹೋಟೆಲಿನವರು ಹಸಿ ಬೋಟಿಯನ್ನು ಎಲ್ಲಿಂದ ಖರೀದಿಸುತ್ತಾರೆ ಎಂಬುದಕ್ಕೆ ಬಿಲ್ಲುಗಳನ್ನು ಕಾಯ್ದಿರಿಸತಕ್ಕದ್ದು. ತಪಾಸಣೆಯ ವೇಳೆ ಇವನ್ನು ಕೇಳಲಾಗುತ್ತದೆ.

ಬಾಗಲಗುಂಟೆ ಎಂಬ ಹೆಸರನ್ನು ಕೆಲವು ದಾಖಲೆಗಳಲ್ಲಿ ಬಾಗಲಕುಂಟೆ ಎಂದೂ ಬರೆಯಲಾಗಿದೆ. ಬಾಡಿಗೆ ಕರಾರು, ಗುರುತಿನ ಚೀಟಿ ಹಾಗೂ ಅರ್ಜಿಯಲ್ಲಿ ಒಂದೇ ರೂಪವನ್ನು ಬಳಸಿದರೆ ಅರ್ಜಿ ಹಿಂದಿರುಗುವುದು ತಪ್ಪುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಪಟ್ಟಿಯಲ್ಲಿ ಬಾಗಲಗುಂಟೆಯ ಸಂಖ್ಯೆ 14 ಆಗಿತ್ತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ರಚನೆಯಾಗಿರುವುದರಿಂದ ಹಳೆಯ ವಾರ್ಡು ಸಂಖ್ಯೆಯನ್ನು ನಮೂದಿಸಬಾರದು. ಉದ್ದಿಮೆ ಪರವಾನಗಿಗೆ ಆಯಾ ನಗರ ಪಾಲಿಕೆಯನ್ನೂ, ಆಹಾರ ಸುರಕ್ಷತಾ ನೋಂದಣಿಗೆ ಫಾಸ್ಕಾಸ್ ಜಾಲತಾಣವನ್ನೂ ಸಂಪರ್ಕಿಸತಕ್ಕದ್ದು. ಇವೆರಡೂ ಬೇರೆ ಬೇರೆ. ಒಂದನ್ನು ಪಡೆದ ಮಾತ್ರಕ್ಕೆ ಮತ್ತೊಂದರಿಂದ ವಿನಾಯಿತಿ ಇರುವುದಿಲ್ಲ.

ಕೇಳಿದ ಭಾಗದ ಬದಲು ಬೇರೆ ಭಾಗವನ್ನು ಕೊಡಲಾಗಿದೆ ಅಥವಾ ತೂಕದಲ್ಲಿ ವ್ಯತ್ಯಾಸವಾಗಿದೆ ಎಂದು ಕಂಡುಬಂದ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಿನಲ್ಲಿ ಅಂಗಡಿಯವರು ಬಳಸಿದ ಪದ, ದರಪಟ್ಟಿಯಲ್ಲಿದ್ದ ಪದ ಹಾಗೂ ವಾಸ್ತವವಾಗಿ ದೊರೆತ ಅಂಗ ಈ ಮೂರನ್ನೂ ಪ್ರತ್ಯೇಕವಾಗಿ ಬರೆದು, ಬಿಲ್ಲು ಇದ್ದಲ್ಲಿ ಲಗತ್ತಿಸತಕ್ಕದ್ದು.